ಅಮೆರಿಕದ ದಂಗೆ ಎರಡು ಭಾಗವಾಗಿದೆ: ನಮ್ಮ ಓದುಗರಿಗೊಂದು ಪತ್ರ

ಆತ್ಮೀಯರೇ,

ಈ ಸಲದ ಪುಸ್ತಿಕೆ ತಡವಾಗಿ ಕೈ ಸೇರಿದೆ, ಕ್ಷಮೆ ಇರಲಿ. ಬ್ರಿಟನ್ನಿನ ವಿರುದ್ಧ ಅಮೆರಿಕದ ವಸಾಹತುಗಳು ಎದ್ದ ದಂಗೆಯನ್ನು ಒಂದೇ ಪುಸ್ತಿಕೆಯಲ್ಲಿ ಮುಗಿಸುತ್ತೇವೆ ಎಂದಿದ್ದೆವು. ಈಗ ಎರಡು ಭಾಗ ಮಾಡಿದ್ದೇವೆ. ಬಿಡಿ ಪ್ರತಿಯ ಬೆಲೆಯೂ 60 ರೂಪಾಯಿಯಿಂದ 75ಕ್ಕೆ ಏರಿದೆ.

ಎರಡು ಭಾಗ ಮಾಡಿದ್ದು ದುಡ್ಡಿಗಾಗಿ ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಬೇಸರವಾಯಿತು. ಕಾಗದದ ರೇಟು ನಮ್ಮ ಕೈಯಲ್ಲಿಲ್ಲ, ಅಂಚೆ ಖರ್ಚೂ ಇಲ್ಲ. ದೂರದ ಊರಿಗೆ ಒಂದೇ ಪ್ರತಿ ಕಳಿಸಿದರೆ ಉಳಿಯುವುದು ಏನೂ ಇಲ್ಲ. ಅಗ್ಗದ ಕಾಗದಕ್ಕೆ ಇಳಿಯಬಹುದಿತ್ತು. ಆದರೆ ಹಿಂಬದಿಯ ಅಕ್ಷರ ಮುಂದಕ್ಕೆ ಕಾಣುವ ಕಾಗದದ ಮೇಲೆ ನಕ್ಷೆ, ಚಿತ್ರ ಅಚ್ಚು ಹಾಕಲು ಮನಸ್ಸು ಒಪ್ಪಲಿಲ್ಲ.

ಜಾಸ್ತಿ ಬಂದ ದೂರು ಮಾತ್ರ ಬೇರೆ. "ಮೊದಲ ಭಾಗದ ತುಂಬಾ ಬರೀ ತೆರಿಗೆ. ಯುದ್ಧ ಎಲ್ಲಿ? ಟೀ ಮೇಲಿನ ಮೂರು ಪೆನ್ನಿ ತೆರಿಗೆಗೆ ಯಾರಾದರೂ ಬಂದೂಕು ಹಿಡಿಯುತ್ತಾರಾ?"

ಹಿಡಿಯುವುದಿಲ್ಲ. ಅದನ್ನು ತೋರಿಸಲಿಕ್ಕೇ ಅಷ್ಟು ಪುಟ ಬೇಕಾಯಿತು. ಬ್ರಿಟನ್ 1773ರಲ್ಲಿ ಮಾಡಿದ ಟೀ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಟೀ ವಸಾಹತುಗಳಲ್ಲಿ ಅಗ್ಗವೇ ಆಗುತ್ತಿತ್ತು. ಆದರೂ ಬಾಸ್ಟನ್ನಿನ ಜನ 342 ಪೆಟ್ಟಿಗೆ ಟೀ ನೀರಿಗೆ ಸುರಿದರು. ತಮ್ಮ ಕಡೆಯವನೊಬ್ಬನೂ ಇಲ್ಲದ ಲಂಡನ್ ಪಾರ್ಲಿಮೆಂಟು ತೆರಿಗೆ ಹಾಕಬಹುದು ಎಂದು ಒಪ್ಪಿಕೊಳ್ಳಲು ಅವರು ತಯಾರಿರಲಿಲ್ಲ.

ಆ ಹೊತ್ತಿಗೆ ಜಗಳ ಹಳೆಯದಾಗಿತ್ತು. ಫ್ರೆಂಚರ ವಿರುದ್ಧದ ಯುದ್ಧದಲ್ಲಿ ಬ್ರಿಟನ್ನಿನ ಸಾಲ ಹೆಚ್ಚು ಕಡಿಮೆ ಎರಡರಷ್ಟಾಗಿತ್ತು. ಅದರ ಬೆನ್ನಿಗೇ 1765ರಲ್ಲಿ ಸ್ಟಾಂಪ್ ಕಾಯ್ದೆ ಬಂತು. ಪತ್ರಿಕೆ, ಪಂಚಾಂಗ, ಕೋರ್ಟು ಕಾಗದ, ಇಸ್ಪೀಟು, ಎಲ್ಲಕ್ಕೂ ತೆರಿಗೆ. ಪತ್ರಿಕೆಯ ಒಂದೊಂದು ಜಾಹೀರಾತಿಗೆ ಎರಡು ಶಿಲ್ಲಿಂಗ್, ಅಂದರೆ 24 ಪೆನ್ನಿ! ಅಚ್ಚಿನ ಕೆಲಸ ಮಾಡುವ ನಮಗೆ ಅದರ ಬಿಸಿ ಬೇಗ ಅರ್ಥವಾಗುತ್ತದೆ. ಕಾಯ್ದೆ ಜಾರಿಯಾಗುವ ಹಿಂದಿನ ದಿನ ಫಿಲಡೆಲ್ಫಿಯಾದ ಒಂದು ಪತ್ರಿಕೆ ತನ್ನ ಮುಖಪುಟವನ್ನೇ ಗೋರಿಕಲ್ಲಿನಂತೆ ಅಚ್ಚು ಮಾಡಿತು: ಸುತ್ತ ದಪ್ಪ ಕಪ್ಪು ಗೆರೆ, ತಲೆಬುರುಡೆ. ಆ ಪುಟ ನಮ್ಮ ಮೊದಲ ಭಾಗದಲ್ಲಿದೆ. ಒಳ್ಳೆ ಕಾಗದ ಬೇಕೆಂದು ಹಟ ಹಿಡಿದದ್ದೂ ಅದಕ್ಕೇ.

ಮರುವರ್ಷ ಕಾಯ್ದೆ ರದ್ದಾಯಿತು. ಜೊತೆಗೇ, ಯಾವ ವಿಷಯದಲ್ಲಾದರೂ ನಿಮಗೆ ಕಾನೂನು ಮಾಡುವ ಅಧಿಕಾರ ನಮ್ಮದು ಎಂದು ಪಾರ್ಲಿಮೆಂಟು ಬರೆದಿಟ್ಟಿತು. ಟೀ ಸುರಿದ ಮೇಲಂತೂ ಬಾಸ್ಟನ್ ಬಂದರು ಮುಚ್ಚಿತು. ಊರಿನವರು ಸಭೆ ಸೇರಲೂ ಗವರ್ನರ್ ಒಪ್ಪಿಗೆ ಬೇಕಾಯಿತು. 1775ರ ಏಪ್ರಿಲ್ 19ರಂದು ಬಾಸ್ಟನ್ ಹತ್ತಿರದ ಕಾನ್‌ಕಾರ್ಡ್ ಊರಿನಲ್ಲಿ ಜನ ಕೂಡಿಟ್ಟಿದ್ದ ಮದ್ದುಗುಂಡು ಹಿಡಿಯಲು ಹೊರಟ ಬ್ರಿಟಿಷ್ ಸೈನಿಕರ ಎದುರು, ದಾರಿಯಲ್ಲಿ ಸಿಗುವ ಲೆಕ್ಸಿಂಗ್ಟನ್ನಿನಲ್ಲಿ, ಮೊದಲ ಗುಂಡು ಹಾರಿತು. ಹೆಣ ಬಿದ್ದ ಮೇಲೂ ಜುಲೈನಲ್ಲಿ ವಸಾಹತಿನವರು ರಾಜಿ ಕೋರಿ ಬ್ರಿಟನ್ನಿನ ದೊರೆಗೆ ಇನ್ನೊಂದು ಅರ್ಜಿ ಬರೆದರು! ಮೂರನೇ ಜಾರ್ಜ್ ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಆಗಸ್ಟಿನಲ್ಲಿ ಇವರು ದಂಗೆಕೋರರು ಎಂದು ಸಾರಿಬಿಟ್ಟ. ಇಷ್ಟನ್ನು ಎರಡು ಪುಟದಲ್ಲಿ ಒತ್ತಿ ತುರುಕಿದರೆ, ಮೂರು ಪೆನ್ನಿಯ ಪ್ರಶ್ನೆ ಹಾಗೇ ಉಳಿಯುತ್ತಿತ್ತು ಅಲ್ವಾ?

ಯುದ್ಧವೆಲ್ಲ ಎರಡನೇ ಭಾಗದಲ್ಲಿದೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ, ಅಮೆರಿಕನ್ನರ ಕಡೆಯ ಪೆನ್ಸಿಲ್ವೇನಿಯಾದ ಹಡಗಿಗೆ ನಮ್ಮ ಮೈಸೂರಿನ ಹೈದರಾಲಿಯ ಹೆಸರಿತ್ತು. ಅದರ ಕಥೆಯೂ ಇದೆ.

ವರ್ಷದ ಚಂದಾ ಕಟ್ಟಿದವರು ಒಂದು ಪೈಸೆಯನ್ನೂ ಜಾಸ್ತಿ ಕೊಡಬೇಕಿಲ್ಲ. ಎರಡನೇ ಭಾಗ ಮುಂದಿನ ತಿಂಗಳು ನಿಮ್ಮ ಮನೆಗೇ ಬರುತ್ತದೆ. ಮೊದಲ ಭಾಗ ಬೇಡ ಎನ್ನುವವರು ವಾಪಸ್ ಕಳಿಸಿ, ದುಡ್ಡು ಕೊಡುತ್ತೇವೆ. ಕಳಿಸುವ ಮುಂಚೆ ಆ ಕೊನೆಯ ಅರ್ಜಿಯ ಪುಟಗಳನ್ನು ಮಾತ್ರ ಒಮ್ಮೆ ಓದಿ. ಆಮೇಲೂ ಬೇಸರ ಉಳಿದರೆ ಫೋನ್ ಮಾಡಿ, ಕೂತು ಮಾತಾಡೋಣ.

ಇಂತಿ,
ನಿಮ್ಮ ಪುಸ್ತಿಕೆ ಬಳಗ