ಮುಳುಗಿದ ಊರಿಗೆ ಹೋಗಿಬಂದ ಬೇಸಿಗೆ: ಗೆಳೆಯನಿಗೊಂದು ಪತ್ರ

ಸಾಗರ ಸೀಮೆ
ಜೂನ್ 2021

ಪ್ರೀತಿಯ ಗೆಳೆಯಾ,

ನಾವೆಲ್ಲ ಕ್ಷೇಮ. ಈ ಮಾತನ್ನು ಮೊದಲೆಲ್ಲ ಸುಮ್ನೆ ರೂಢಿಗೆ ಬರೆಯುತ್ತಿದ್ದೆವು, ಅಲ್ವಾ? ಈಗ ಮನೆಯ ಒಬ್ಬೊಬ್ಬರ ಮುಖ ನೆನಪು ಮಾಡಿಕೊಂಡು ಬರೆದಿದ್ದೇನೆ. ನಿಮ್ಮಮ್ಮನೂ ಆರಾಮಿದ್ದಾರೆ. ನಿನ್ನೆ ಸಂಜೆ ಹಾಲು ಕೊಡಲು ಹೋದಾಗ ಹಿತ್ತಲಲ್ಲಿ ಕೆಸುವಿನ ಸೊಪ್ಪು ಕೊಯ್ಯುತ್ತಿದ್ದರು. ಮಳೆ ಹಿಡಿದು ನಾಲ್ಕು ದಿನವಾಯಿತು.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಎರಡು ಬೇಸಿಗೆ ರಜೆ ಹೀಗೇ ಹೋಯ್ತಲ್ಲ, ನಿಮ್ಮ ಮಕ್ಕಳು ಏನು ಮಾಡಿದ್ರು ಮಾರಾಯಾ?" ಅಂತ. ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ನಿನ್ನ ಮಕ್ಕಳು ಆ ಮೂರನೇ ಮಹಡಿಯ ಬಾಲ್ಕನಿಯಲ್ಲೇ ಎರಡು ಬೇಸಿಗೆ ಕಳೆದರು ಅಂತ ಕೇಳಿ ನನಗೆ ಬಹಳ ಸಂಕಟವಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ಹೇಳಲೇಬೇಕಾದ ಒಂದು ವಿಷಯವೂ ಇದೆ.

ನೀನು ಕೊನೆಯ ಸಲ ಊರಿಗೆ ಬಂದಿದ್ದು ಸಾಗರದ ಮಾರಿಜಾತ್ರೆಗೆ, 2020ರ ಫೆಬ್ರವರಿಯಲ್ಲಿ. ಆ ಜನಜಂಗುಳಿಯಲ್ಲಿ ನಿನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದ್ದೆ. ತಿಂಗಳು ಕಳೆಯುವುದರೊಳಗೆ ಕೊರೊನಾ ಅಂತ ಎಲ್ಲ ಬಂದ್. ಮಾರ್ಚ್ 25, ಯುಗಾದಿ ದಿನವೇ ಲಾಕ್‌ಡೌನ್ ಶುರುವಾಯಿತು. ಹಬ್ಬದ ದಿನ ಹಿರಿಯರಿಗೆ ನಮಸ್ಕಾರ ಮಾಡಲು ಮನೆಮನೆ ಸುತ್ತುವವರು ನಾವು. ಆ ದಿನ ಯಾರೂ ಯಾರ ಮನೆಗೂ ಹೋಗಲಿಲ್ಲ. ನಿಮ್ಮಮ್ಮನಿಗೆ ಮಕ್ಕಳು ಬೇಲಿಯಾಚೆಯಿಂದಲೇ ಕೈಮುಗಿದರು. ಅವರು ಬೇವು ಬೆಲ್ಲದ ಬಟ್ಟಲನ್ನು ದಣಪೆಯ ಮೇಲಿಟ್ಟು ಹಿಂದೆ ಸರಿದು ನಿಂತರು. ಮಕ್ಕಳು ತಿನ್ನುವುದನ್ನು ಅಲ್ಲಿಂದಲೇ ನೋಡಿದರು.

ಕಾಯಿಲೆಯ ಹೆದರಿಕೆ ನಮಗೇನೂ ಹೊಸದಲ್ಲ. ಅದರ ಹಿಂದಿನ ವರ್ಷವೇ ಅರಳಗೋಡಿನ ಕಡೆ ಮಂಗನ ಕಾಯಿಲೆ ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತ್ತು. ಆಗ ಕಾಡಿಗೆ ಹೋಗಬೇಡಿ ಅಂದರು. ಈಗ ಮನುಷ್ಯರ ಹತ್ತಿರ ಹೋಗಬೇಡಿ ಅಂದರು. ಎರಡರಲ್ಲಿ ಇದೇ ಜಾಸ್ತಿ ಕಷ್ಟವಾಯಿತು. ಹಲಸಿನ ಹಪ್ಪಳ ಹಚ್ಚುವ ಕಾಲ ಬಂದಾಗ ಅದು ಗೊತ್ತಾಯಿತು. ಪ್ರತಿ ವರ್ಷ ಐದಾರು ಮನೆಯ ಹೆಂಗಸರು ಮುಯ್ಯಾಳಿನಲ್ಲಿ ಒಂದೊಂದು ದಿನ ಒಂದೊಂದು ಮನೆಯಲ್ಲಿ ಕೂರುತ್ತಿದ್ದರು. ಆ ಸಲ ನಮ್ಮಮ್ಮ, ಇವಳು, ಪುಟ್ಟಿ, ಮೂವರೇ. ಮಾತಿಲ್ಲದ ಹಪ್ಪಳ ಅಂತ ಅಮ್ಮ ಅಂದರು.

ಶಾಲೆಯ ಕಥೆ ನಿನಗೆ ಗೊತ್ತೇ ಇದೆ. ಪರೀಕ್ಷೆ ಇಲ್ಲದೆ ಪಾಸು. ಆಮೇಲೆ ಸ್ವಲ್ಪ ದಿನ ವಿದ್ಯಾಗಮ ಅಂತ ಮೇಷ್ಟ್ರು ಊರಿಗೇ ಬಂದು ಜಗಲಿಯಲ್ಲಿ ಪಾಠ ಮಾಡಿದರು. ಮಕ್ಕಳಿಗೆ ಎಷ್ಟು ಖುಷಿ! ಅದೂ ನಿಂತಿತು. ಮತ್ತೆ ಆನ್‌ಲೈನ್ ಕ್ಲಾಸು. ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ತಲೆಯ ಮೇಲೆ ಮಾತ್ರ. ನಾಲ್ಕು ಗೂಟ ಹುಗಿದು ಟಾರ್ಪಾಲ್ ಕಟ್ಟಿಕೊಟ್ಟೆವು. ಮಳೆಗಾಲದಲ್ಲಿ ಮಕ್ಕಳು ಕೊಡೆ ಹಿಡಿದು, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹತ್ತುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು. ಅದು ಸಾಕು. ಈಗ ಆ ಮೊದಲ ಬೇಸಿಗೆಯ ಮಾತಿಗೆ ಬರುತ್ತೇನೆ.

2020ರ ಮೇ ಕೊನೆಯ ವಾರ. ಅಪ್ಪಯ್ಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ನೀರು ಇಳಿದಿರಬೇಕು. ಊರು ನೋಡಿಕೊಂಡು ಬರೋಣ" ಅಂದರು. ಯಾವ ಊರು ಅಂತ ನಾನು ಕೇಳಲಿಲ್ಲ. ಅವರ ಬಾಯಲ್ಲಿ ಬರೀ ಊರು ಅಂದರೆ ಶರಾವತಿ ಹಿನ್ನೀರಿನ ಅಡಿಯಲ್ಲಿರುವ ಊರು. ನಿನ್ನಜ್ಜನ ಊರೂ ಅದೇ ತಾನೆ.

ಮುಳುಗಡೆಯ ಕಥೆ ನಮ್ಮಿಬ್ಬರಿಗೂ ಬಾಯಿಪಾಠ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು, ಜನ ತಮ್ಮ ಕೈಯಾರೆ ಮನೆ ಬಿಚ್ಚಿ ಹಂಚು, ತೊಲೆ, ಬಾಗಿಲು ಲಾರಿಗೆ ಹೇರಿದ್ದು. ನಮ್ಮ ಮನೆಯ ಮುಂಬಾಗಿಲು ಅಲ್ಲಿಯದೇ. ಆದರೆ ನಾನು ನಲವತ್ತು ದಾಟಿದರೂ ಅಪ್ಪಯ್ಯನ ಜೊತೆ ಆ ಜಾಗಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಪ್ರತಿ ಬೇಸಿಗೆಯೂ ಮದುವೆ, ಉಪನಯನ, ಇಲ್ಲವೇ ಮುರ್ಡೇಶ್ವರ, ಧರ್ಮಸ್ಥಳ. ರಜೆ ಅಂದರೆ ಕಾರು ಹತ್ತಿ ದೂರ ಹೋಗುವುದು ಅಂತ ತಿಳಿದಿದ್ದೆವು. ಅಪ್ಪಯ್ಯ ಪ್ರತಿ ವರ್ಷ ಕೇಳುತ್ತಿದ್ದರು, ನಾನು ಪ್ರತಿ ವರ್ಷ ಮುಂದೆ ಹಾಕುತ್ತಿದ್ದೆ. ಇದನ್ನು ನೆನೆದರೆ ಈಗಲೂ ನನಗೆ ಬೇಜಾರಾಗುತ್ತದೆ.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಮೇ 10ರವರೆಗೆ ಒಂದೂ ಕೇಸ್ ಇರಲಿಲ್ಲ, ನೆನಪಿದೆಯಾ? ಅಹಮದಾಬಾದಿನಿಂದ ಬಂದ ಎಂಟು ಮಂದಿಗೆ ಪಾಸಿಟಿವ್ ಅಂತ ಸುದ್ದಿ ಬಂದ ಮೇಲೆ ಎಲ್ಲರಿಗೂ ಅಂಜಿಕೆ ಶುರುವಾಗಿತ್ತು. ಹಾಗಾಗಿ ರಸ್ತೆ ಬಿಟ್ಟು ಬೆಟ್ಟದ ಕಾಲುದಾರಿ ಹಿಡಿದೆವು. ಬುತ್ತಿಗೆ ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮಂಗನ ಕಾಯಿಲೆ ಹರಡುವ ಉಣುಗು ಹತ್ತದಿರಲಿ ಅಂತ ಎಲ್ಲರ ಕಾಲಿಗೂ ಡಿಎಂಪಿ ಎಣ್ಣೆ ಹಚ್ಚಿದೆ. ಆ ವಾಸನೆ, ಜೊತೆಗೆ ದಾರಿಯಲ್ಲಿ ಕಿತ್ತು ತಿಂದ ಕವಳಿಹಣ್ಣಿನ ಹುಳಿ, ಎರಡೂ ನೆನಪಿನಲ್ಲಿ ಒಟ್ಟಿಗೇ ಉಳಿದಿವೆ. ಅಪ್ಪಯ್ಯನಿಗೆ ಆಗ 74. ಒಂದೂವರೆ ಗಂಟೆಯ ದಾರಿ. ಒಂದು ಕಡೆಯೂ ಕೂರಲಿಲ್ಲ.

ಕಾಡು ಮುಗಿದು ಬಯಲಿಗೆ ಇಳಿದರೆ ಒಬ್ಬ ನರಪಿಳ್ಳೆ ಇಲ್ಲ. ಬಿರುಕು ಬಿಟ್ಟ ಕೆಂಪು ಮಣ್ಣು, ನೀರಂಚಿನಲ್ಲಿ ಎಳೆ ಹುಲ್ಲು. ಅಂದು ಕಡಿದ ಮರಗಳ ಬುಡಗಳು ಕಪ್ಪಗೆ ಹಾಗೇ ನಿಂತಿವೆ. ದೂರಕ್ಕೆ ಕೈ ತೋರಿಸಿ ಅಪ್ಪಯ್ಯ, "ಆ ಕಡೆ ಮಡೆನೂರು ಕಟ್ಟೆ. ಲಿಂಗನಮಕ್ಕಿಗಿಂತ ಮುಂಚೆ ಜೋಗದ ಕರೆಂಟಿಗೆ ನೀರು ಕೊಟ್ಟ ಅಣೆಕಟ್ಟು. ಕೊನೆಗೆ ಅದೂ ನಮ್ಮ ಜೊತೆಗೇ ಮುಳುಗಿತು" ಅಂದರು. ಇನ್ನೂ ಸ್ವಲ್ಪ ದೂರ ನಡೆದು ಇದ್ದಕ್ಕಿದ್ದಂತೆ ಚಪ್ಪಲಿ ಬಿಟ್ಟರು. "ಯಾಕಜ್ಜ, ಮುಳ್ಳು ಚುಚ್ಚಿತಾ?" ಅಂತ ಪುಟ್ಟಿ ಕೇಳಿದಳು.

"ಇಲ್ಲ ಪುಟ್ಟೀ, ಮನೆ ಅಂಗಳ ಬಂತು."

ನನಗೆ ಅಲ್ಲಿ ಬರೀ ಮಣ್ಣು ಕಾಣುತ್ತಿತ್ತು. ಅವರು ಅದರಲ್ಲಿ ಜಗಲಿ, ನಡುಮನೆ, ಕೊಟ್ಟಿಗೆ ಒಂದೊಂದಾಗಿ ತೋರಿಸುತ್ತ ಹೋದರು. ಹೂಳು ತುಂಬಿದ ಬಾವಿಯ ಕಲ್ಲಿನ ಸುತ್ತು ಕಂಡಾಗ ನಾನೂ ಚಪ್ಪಲಿ ಬಿಟ್ಟೆ. ಬಾವಿಯ ಪಕ್ಕ ಅರ್ಧ ಹುಗಿದ ಒಂದು ಒರಳುಕಲ್ಲು. ಮಗ ಅದರ ಕುಳಿಯಲ್ಲಿದ್ದ ಮಣ್ಣನ್ನು ಕೋಲಿನಿಂದ ಕೆದಕಿ ತೆಗೆದ. ಬಾಟಲಿಯ ನೀರು ಹಾಕಿ ಬೆರಳಲ್ಲಿ ತಿಕ್ಕಿದ. ಹೊರಗೆಲ್ಲ ಒರಟು, ಒಳಗೆ ಮಾತ್ರ ಬಟ್ಟಲಿನಂತೆ ನುಣುಪು. ಅಪ್ಪಯ್ಯ ಕೂತು ಅಂಗೈಯನ್ನು ಆ ಕುಳಿಯೊಳಗಿಟ್ಟು ಒಂದು ಸುತ್ತು ತಿರುಗಿಸಿದರು. "ಅಮ್ಮ ಇದರಲ್ಲೇ ರುಬ್ಬುತ್ತಿದ್ದಳು. ಲಾರಿಯಲ್ಲಿ ಜಾಗ ಸಾಲಲಿಲ್ಲ. ಆಮೇಲೆ ಬಂದು ಒಯ್ಯೋಣ ಅಂತ ಬಿಟ್ಟೆವು. ಅಷ್ಟರಲ್ಲಿ ನೀರು ಬಂತು." ಮನೆಗೆ ಒಯ್ಯೋಣ ಅಂತ ಮಗ ಹಟ ಹಿಡಿದ. "ಬೇಡ ಮಗಾ, ಇದಾದರೂ ಇಲ್ಲಿರಲಿ" ಅಂದರು.

ಆಮೇಲೆ ನಿಮ್ಮ ಮನೆ. ನಮ್ಮ ತುಳಸಿಕಟ್ಟೆಯಿಂದ ಮೂಡಕ್ಕೆ 28 ಹೆಜ್ಜೆ ಅಂತ ಅಪ್ಪಯ್ಯ ಹೇಳಿದರು. ಮಗ ಎಣಿಸಿಕೊಂಡು ಹೋದ. ಅವನ ಪುಟ್ಟ ಕಾಲಿಗೆ 43 ಆಯಿತು. ಅಲ್ಲಿ ಮೂರು ಕಲ್ಲಿನ ಮೆಟ್ಟಿಲು ಇವೆ ಮಾರಾಯಾ. ಹತ್ತಿದರೆ ಮೇಲೆ ಏನೂ ಇಲ್ಲ, ಆಕಾಶ ಅಷ್ಟೇ. ಆದರೆ ಮೂರೂ ಮೆಟ್ಟಿಲು ಅಲುಗದೆ ಕೂತಿವೆ. ನಿನ್ನಜ್ಜ ಸಂಜೆ ಹೊತ್ತು ಮಧ್ಯದ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರಂತೆ. ಅಪ್ಪಯ್ಯ ಅಲ್ಲೇ ಕೂತರು. ನಾವು ಬುತ್ತಿ ಬಿಚ್ಚಿದ್ದೂ ಅಲ್ಲೇ. ನಿಮ್ಮ ಮನೆ ಬಾಗಿಲಲ್ಲಿ ಉಂಡು ಬಂದೆವು. "ಅವನಿಗೆ ಹೇಳು, ಮುಂದಿನ ಬೇಸಿಗೆಗೆ ಬರಲಿ. ನಾನೇ ಕರೆದುಕೊಂಡು ಬರ್ತೇನೆ" ಅಂದರು. ಇದನ್ನು ಫೋನಿನಲ್ಲಿ ಹೇಳಬಾರದು, ನೀನು ಬಂದಾಗಲೇ ಹೇಳಬೇಕು ಅಂತ ಇಟ್ಟುಕೊಂಡಿದ್ದೆ.

ಮುಂದಿನ ಬೇಸಿಗೆ ಹೇಗೆ ಬಂತು ಅಂತ ನಿನಗೂ ಗೊತ್ತು. ಏಪ್ರಿಲ್ 27ಕ್ಕೆ ಮತ್ತೆ ಬಾಗಿಲು ಹಾಕಿದರು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ. ಈ ಸಲ ಕಾಯಿಲೆ ಪೇಟೆಯಲ್ಲಿ ನಿಲ್ಲಲಿಲ್ಲ, ನಮ್ಮ ಕೇರಿಗೇ ಬಂತು. ಮೊದಲು ನನಗೆ ಜ್ವರ, ಮೂರನೇ ದಿನ ಅಪ್ಪಯ್ಯನಿಗೆ. ಅವರಿಗೆ ಒಂದೇ ಡೋಸ್ ಆಗಿತ್ತು. ನನ್ನನ್ನು ಹೊರಗಿನ ಕೋಣೆಗೆ, ಅವರನ್ನು ಮೇಲಿನ ಮಹಡಿಗೆ, ಅದೇ ಮೆತ್ತಿಗೆ, ಹಾಕಿದೆವು. ಆಸ್ಪತ್ರೆಗೆ ಫೋನ್ ಮಾಡಿದರೆ ಹಾಸಿಗೆ ಖಾಲಿ ಇಲ್ಲ ಅಂದರು. ಕೇರಿಯವರೆಲ್ಲ ಸೇರಿ ತಂದಿದ್ದ ಒಂದು ಆಕ್ಸಿಮೀಟರ್ ಇತ್ತು. ಆಶಾ ಕಾರ್ಯಕರ್ತೆ ದಿನಾ ಬಂದು ಅಂಗಳದಲ್ಲಿ ನಿಂತು ಲೆಕ್ಕ ಬರೆದುಕೊಳ್ಳುತ್ತಿದ್ದರು. 95, 94, ಒಂದು ರಾತ್ರಿ 91. ಡಾಕ್ಟರು ಫೋನಿನಲ್ಲೇ ಬೋರಲು ಮಲಗಿಸಿ ಅಂದರು. ಆ ರಾತ್ರಿ ನಾನು ಹೊರಗಿನ ಕೋಣೆಯಲ್ಲಿ ಕೂತು ಮೇಲಿನ ಕೆಮ್ಮು ಕೇಳುತ್ತಿದ್ದೆ. ಕೆಮ್ಮು ನಿಂತರೆ ಇನ್ನೂ ಜಾಸ್ತಿ ಹೆದರಿಕೆ.

ಬೆಳಗಿನ ಜಾವಕ್ಕೆ 93 ಆಯಿತು. ಆಮೇಲೆ ಇಳಿಯಲಿಲ್ಲ.

ಮಕ್ಕಳಿಬ್ಬರೂ ಮೆತ್ತಿನ ಏಣಿಯ ಕೆಳಗೆ, ಮಾಸ್ಕ್ ಹಾಕಿಕೊಂಡು, ದೂರ ಕೂರುತ್ತಿದ್ದರು. ಏನು ಮಾತಾಡುವುದು ಅಂತ ಗೊತ್ತಾಗದೆ ಮಗ ಒಂದು ದಿನ ಕೇಳಿದ, "ಅಜ್ಜ, ಬಾವಿಯಿಂದ ಕೊಟ್ಟಿಗೆಗೆ ಎಷ್ಟು ಹೆಜ್ಜೆ?" ಮೇಲಿನಿಂದ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. "ಹದಿನೈದು." ಮತ್ತೆ ಉಸಿರು ಎಳೆದುಕೊಂಡು, "ಮಳೆಗಾಲದಲ್ಲಿ ಕಲ್ಲು ಜಾರುತ್ತಿತ್ತು." ಮಗ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನು ಬರೆದುಕೊಂಡ. ದಿನಕ್ಕೆ ನಾಲ್ಕೈದು ಪ್ರಶ್ನೆ. ಹೊಳೆಗೆ ಇಳಿಯುವ ದಾರಿ ಎಲ್ಲಿ, ನಾಟಿ ಗದ್ದೆ ಯಾರದು, ಶಾಲೆ ಎಲ್ಲಿತ್ತು, ಅಪ್ಪೆಮರ ಎಷ್ಟಿದ್ದವು. ಹದಿನಾಲ್ಕು ದಿನ ಕಳೆಯುವಾಗ ಇಡೀ ಊರು ಆ ಕಾಗದದ ಮೇಲೆ ಬಂದಿತ್ತು. ಈ ಬೇಸಿಗೆಗೆ ನಮ್ಮ ಮಕ್ಕಳು ಹೋಗಿದ್ದು ಅಲ್ಲಿಗೆ.

ಅಪ್ಪಯ್ಯ ಈಗ ಚೇತರಿಸಿಕೊಂಡಿದ್ದಾರೆ. ಕೊಟ್ಟಿಗೆವರೆಗೆ ಹೋಗಿಬರುತ್ತಾರೆ, ಬಂದು ಜಗಲಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಆ ಬೆಟ್ಟ ಹತ್ತಿ ಇಳಿಯುವುದು ಇನ್ನು ಅವರಿಂದ ಆಗಲಿಕ್ಕಿಲ್ಲ. ಅದು ಅವರಿಗೂ ಗೊತ್ತು. ನಿನ್ನ ಹೆಸರು ತೆಗೆದಾಗಲೆಲ್ಲ "ಅವನಿಗೆ ತೋರಿಸಲಿಕ್ಕಾಗಲಿಲ್ಲವಲ್ಲ" ಅನ್ನುತ್ತಾರೆ. ಹಿನ್ನೀರು ಏರುತ್ತಿದೆ. ನಿಮ್ಮ ಮೆಟ್ಟಿಲು ಇನ್ನೊಂದು ತಿಂಗಳಲ್ಲಿ ಒಳಗೆ ಹೋಗುತ್ತವೆ.

ಮುಂದಿನ ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬಾ. ಡಿಎಂಪಿ ಎಣ್ಣೆ ನಾನು ತಂದಿಡುತ್ತೇನೆ. ದಾರಿ ತೋರಿಸುವವನು ನನ್ನ ಮಗ. ನಿಮ್ಮ ಮನೆಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು, ಪಕ್ಕದಲ್ಲಿ 28 ಅಂತಲೂ 43 ಅಂತಲೂ ಹಾಕಿಟ್ಟುಕೊಂಡಿದ್ದಾನೆ. ಅದರ ಫೋಟೋ ಕಳಿಸೋಣ ಅಂದರೆ ಒಪ್ಪುತ್ತಿಲ್ಲ. ನೀನು ಬಂದೇ ನೋಡಬೇಕಂತೆ.

ಹಪ್ಪಳ ಎರಡು ಕಟ್ಟು ಪಾರ್ಸೆಲ್ ಮಾಡಿದ್ದೇನೆ. ಒಂದು ನಮ್ಮಮ್ಮ ಕೊಟ್ಟಿದ್ದು, ಒಂದು ನಿಮ್ಮಮ್ಮ.

ನಿನ್ನವ