ನಿನ್ನೆಯ ಕಬ್ಬಿನ ಪ್ರಶ್ನೆ: ದೋಷ ಇರುವುದೆಲ್ಲಿ?

ಮೈಸೂರಿನ ಜಿಮ್ಯಾಟ್ (ಎಂಬಿಎಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಅಭ್ಯಾಸ ಗುಂಪಿನವರ ಗಮನಕ್ಕೆ. ನಿನ್ನೆಯ ಪ್ರಶ್ನೆಗೆ ಬಹಳ ಜನ 'ಸಿ' ಅಂದಿದ್ದೀರಿ. ಸರಿಯುತ್ತರ 'ಬಿ'.

ಪ್ರಶ್ನೆ ಇನ್ನೊಮ್ಮೆ, ಈ ವಾದದ ದೋಷ ಯಾವುದು: "ಹನಿ ನೀರಾವರಿ ಹಾಕಿಸಿದ ರೈತರಿಗೆ ಉಳಿದವರಿಗಿಂತ ಎಕರೆಗೆ ಹೆಚ್ಚು ಕಬ್ಬು ಸಿಕ್ಕಿದೆ. ಹಾಗಾಗಿ ಎಲ್ಲರೂ ಹಾಕಿಸಿದರೆ ಎಲ್ಲರ ಇಳುವರಿಯೂ ಏರುತ್ತದೆ."

ಮೊದಲು 'ಹಾಗಾಗಿ' ಬಂದಲ್ಲಿ ಗೆರೆ ಎಳೆಯಿರಿ. ಅದರ ಹಿಂದಿನದು ಆಧಾರ. ಅದನ್ನು ನಿಜವೆಂದೇ ಒಪ್ಪಿಕೊಳ್ಳಬೇಕು, ಅದರ ಜೊತೆ ಜಗಳ ಬೇಡ. ಮುಂದಿನದು ತೀರ್ಮಾನ. ದೋಷ ಹುಡುಕಬೇಕಾದ್ದು ನಡುವಿನ ಜಿಗಿತದಲ್ಲಿ. ಹನಿ ನೀರಾವರಿಗೆ ದುಡ್ಡು ಹಾಕಬಲ್ಲವರು ಗೊಬ್ಬರಕ್ಕೂ ಒಳ್ಳೆ ಬಿತ್ತನೆ ಕಬ್ಬಿಗೂ ಹಾಕಿರಬಹುದು. ಅವರ ಮಣ್ಣೇ ಚೆನ್ನಾಗಿರಬಹುದು. 'ಬಿ' ಇದನ್ನೇ ಒಣ ಮಾತಲ್ಲಿ ಹೇಳುತ್ತದೆ: "ಎರಡು ಗುಂಪುಗಳ ನಡುವಿನ ಬೇರೆ ವ್ಯತ್ಯಾಸಗಳನ್ನು ಕಡೆಗಣಿಸಿದೆ."

'ಸಿ', ಅಂದರೆ "ಪೈಪಿನ ಖರ್ಚು ಲೆಕ್ಕಕ್ಕೆ ತಂದಿಲ್ಲ", ಮಾತೇನೋ ನಿಜ. ಆದರೆ ತೀರ್ಮಾನ ಇಳುವರಿಯದು, ಲಾಭದ್ದಲ್ಲ. (ಮಂಡ್ಯ ಕಡೆಯವರಿಗೆ ಕಬ್ಬಿನ ಖರ್ಚು ಚೆನ್ನಾಗಿ ಗೊತ್ತು, ಅದಕ್ಕೇ ಕೈ ಅಲ್ಲಿಗೆ ಹೋಗುತ್ತದೆ!) 'ಡಿ', "ಒಬ್ಬ ರೈತನನ್ನು ನೋಡಿ ಎಲ್ಲರಿಗೂ ಅನ್ವಯಿಸಿದೆ", ಅದೂ ಒಂದು ದೋಷವೇ, ಈ ವಾದದ್ದಲ್ಲ ಅಷ್ಟೆ. ಆಯ್ಕೆಯ ಪ್ರತಿ ಪದಕ್ಕೂ ವಾದದಲ್ಲಿ ಬೆರಳಿಟ್ಟು ತೋರಿಸಲು ಆಗಬೇಕು.

ಜಿಮ್ಯಾಟ್‌ನ ವರ್ಬಲ್ (ಓದು ಮತ್ತು ತರ್ಕದ) ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಒಂದಕ್ಕೆ 2 ನಿಮಿಷವೂ ಸಿಗದು. ಆದರೂ ಆಯ್ಕೆಗಳನ್ನು ಓದುವ ಮೊದಲೇ ದೋಷವನ್ನು ನಿಮ್ಮ ಮಾತಲ್ಲಿ ಒಂದು ಸಾಲಲ್ಲಿ ಹೇಳಿಕೊಳ್ಳಿ.

ಇಂದಿನ ಪ್ರಶ್ನೆ ರಾತ್ರಿ 8ಕ್ಕೆ. ಉತ್ತರಕ್ಕೆ ಬರೀ ಅಕ್ಷರ ಹಾಕಬೇಡಿ, ಆ ಒಂದು ಸಾಲೂ ಇರಲಿ.