ಆ ಕತ್ತಲೆ ಆಸಿಡ್‌ನದಲ್ಲ

ಮಾನ್ಯ ಸಂಪಾದಕರೇ,

ಬರೋಕ್ ಕಾಲದ (ಯುರೋಪಿನಲ್ಲಿ ಸುಮಾರು 17ನೇ ಶತಮಾನ) ಧಾರ್ಮಿಕ ಎಚ್ಚಿಂಗ್‌ಗಳ, ಅಂದರೆ ಲೋಹದ ತಗಡನ್ನು ಆಸಿಡ್‌ನಿಂದ ಕೊರೆದು ಅಚ್ಚು ತೆಗೆದ ಚಿತ್ರಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಒಂದು ತಿದ್ದುಪಡಿ ಮಾತ್ರ ಬೇಕು. ಡಚ್ ಕಲಾವಿದ ರೆಂಬ್ರಾಂಟನ ‘ಮೂರು ಶಿಲುಬೆಗಳು’ (1653) ಚಿತ್ರದ ಕಡುಗಪ್ಪು ಆಸಿಡ್‌ನಿಂದ ಬಂದದ್ದೆಂದು ಅದರಲ್ಲಿತ್ತು; ಹಾಗಲ್ಲ. ಅದು ಡ್ರೈಪಾಯಿಂಟ್: ತಾಮ್ರದ ತಗಡನ್ನು ಸೂಜಿಯಿಂದ ನೇರವಾಗಿ ಗೀರಿದ್ದು, ಜೊತೆಗೆ ಅಷ್ಟಿಷ್ಟು ಉಳಿಯ ಕೆಲಸ.

ವ್ಯತ್ಯಾಸ ಸಣ್ಣದಲ್ಲ. ಎಚ್ಚಿಂಗ್‌ನಲ್ಲಿ ಮೇಣ, ರಾಳದ ಲೇಪವನ್ನು ಗೀರಿ ತಗಡನ್ನು ಆಸಿಡ್‌ಗೆ ಇಳಿಸುತ್ತಾರೆ. ಹೆಚ್ಚು ಹೊತ್ತು ಇದ್ದಷ್ಟೂ ಗೆರೆ ಆಳ, ಕಪ್ಪು. ತೆಳುವಾಗಿ ಉಳಿಯಬೇಕಾದ ಗೆರೆಗಳಿಗೆ ನಡುವೆ ವಾರ್ನಿಷ್ ಬಳಿದು ಕಡಿತ ನಿಲ್ಲಿಸುತ್ತಾರೆ. ಕಪ್ಪಿನ ಆಸೆಗೆ ಅಡ್ಡಗೆರೆಗಳನ್ನು ತೀರಾ ಒತ್ತಾಗಿ ಹೆಣೆದರೆ ನಡುವಿನ ಲೇಪ ಕಿತ್ತು, ಗೆರೆಗಳು ಕೂಡಿ ಅಗಲವಾದ ಹಳ್ಳವಾಗುತ್ತದೆ. ಅಚ್ಚಿಗೆ ಮುನ್ನ ಗೆರೆಗಳಿಗೆ ಮಸಿ ತುಂಬಿ ತಗಡಿನ ಮೇಲ್ಮೈ ಒರೆಸುವ ಬಟ್ಟೆ ಅಲ್ಲಿನ ಮಸಿಯನ್ನೂ ಎತ್ತಿಬಿಡುತ್ತದೆ. ಕಪ್ಪು ಬರಬೇಕಾದಲ್ಲಿ ಮಂಕು ಬೂದಿ ಬಣ್ಣ!

ಡ್ರೈಪಾಯಿಂಟ್‌ನಲ್ಲಿ ನೇಗಿಲ ಸಾಲಿನ ಬದಿಗೆ ಮಣ್ಣೇಳುವಂತೆ ಗೆರೆಯ ಬದಿಗೆ ತಾಮ್ರದ ಅಂಚು ಏಳುತ್ತದೆ. ಅದು ಹಿಡಿದ ಮಸಿಯೇ ಕಾಗದದ ಮೇಲೆ ಮಖಮಲ್ಲಿನಂತೆ ಹರಡುವುದು. ಪ್ರೆಸ್ಸಿನ ಒತ್ತಡಕ್ಕೆ ಅಂಚು ಬೇಗ ಚಪ್ಪಟೆಯಾಗುವುದರಿಂದ ಮೊದಲ ಕೆಲವು ಪ್ರತಿಗಳಿಗೂ ನಂತರದವಕ್ಕೂ ಅಜಗಜಾಂತರ.

ಇನ್ನು ಬೆಳಕು. ಅದು ಗೀರಿ ಬರೆದದ್ದಲ್ಲ, ಗೀರದೆ ಖಾಲಿ ಬಿಟ್ಟದ್ದು. ಯೇಸುವಿನ ಶಿಲುಬೆಯ ಸುತ್ತ ಮೇಲಿನಿಂದ ಬೀಳುವ ಬೆಳಕಿನಲ್ಲಿ ನಿಂತವರಿಗೆ ಬರೀ ಹೊರಗೆರೆ, ಒಳಗೆಲ್ಲ ಖಾಲಿ ಕಾಗದ. ಪಕ್ಕದಲ್ಲೇ ಗೆರೆಗಳ ಮುತ್ತಿಗೆ. ನಾಟಕೀಯತೆ ಇರುವುದು ಈ ನೆರೆಹೊರೆಯಲ್ಲಿ. ಸ್ಪೇನಿನ ಕಲಾವಿದ ರಿಬೇರಾನ ‘ಸಂತ ಬಾರ್ತಲೊಮ್ಯು’ (1624), ಜೀವಂತ ಚರ್ಮ ಸುಲಿಸಿಕೊಂಡ ಸಂತನ ಚಿತ್ರ, ಬೇರೆ ದಾರಿಯದು: ಮೈಚರ್ಮಕ್ಕೆ ಚುಕ್ಕೆ, ತುಂಡುಗೆರೆ. ಹಿಂಸೆಗೆ ಕತ್ತಲೆಯೇ ಬೇಕಿಲ್ಲ ಎಂಬುದಕ್ಕೆ ಅದನ್ನೂ ನೋಡಬೇಕು.

ತಗಡನ್ನು ತಿದ್ದಿ ಮತ್ತೆ ಅಚ್ಚು ತೆಗೆದ ಪ್ರತಿ ಸಲವನ್ನೂ ಒಂದು ‘ಹಂತ’ ಎನ್ನುತ್ತಾರೆ. ರೆಂಬ್ರಾಂಟ್ ‘ಮೂರು ಶಿಲುಬೆಗಳು’ ತಗಡನ್ನು ನಾಲ್ಕನೇ ಹಂತದಲ್ಲಿ ಬಹುಪಾಲು ಕೆರೆದು, ಉಜ್ಜಿ, ಉದ್ದುದ್ದ ನೇರ ಗೆರೆಗಳನ್ನು ಮಳೆಯಂತೆ ಸುರಿದ. ಗುಂಪಿನ ಎಷ್ಟೋ ಮುಖಗಳು ಅದರಲ್ಲಿ ಮುಳುಗಿದವು. ಮೂರನೇ ಹಂತದ ಪ್ರತಿ ನೋಡಿದವರಿಗೆ ಇದು ಬೇರೆಯೇ ಚಿತ್ರ ಅನಿಸೀತು. ಹಾಗಾಗಿ ಇಂಥ ಚಿತ್ರ ಮತ್ತೆ ಅಚ್ಚಾದಾಗ ಅದು ಎಷ್ಟನೇ ಹಂತದ್ದೆಂದು ಅಡಿಬರಹದಲ್ಲಿ ದಯವಿಟ್ಟು ಸೇರಿಸಿ.

– ಒಬ್ಬ ಮುದ್ರಣ ಕಲಾವಿದ